ಕಾರ್ಖಾನೆಗೆ ನರ್ಸ್ ಬಂದ್ರು, ಶಾಲೆಗೆ?

ಆಫೀಸಿನಲ್ಲಿ ತಲೆ ಸುತ್ತಿದ್ರೆ ಎಲ್ಲಿಗೆ ಹೋಗ್ತೀರಿ? ದೊಡ್ಡ ಕ್ಯಾಂಪಸ್ ಆದ್ರೆ ಒಂದು ಮೆಡಿಕಲ್ ರೂಮ್, ಅಲ್ಲೊಬ್ಬ ನರ್ಸ್ ಇರ್ತಾರೆ. ಅದು ಕಂಪನಿಯ ಔದಾರ್ಯ ಅಂದ್ಕೊಂಡಿರ್ತೀವಿ. ಆದರೆ ಈ ಪದ್ಧತಿ ಬೆಳೆದದ್ದು ಹಳೇ ಕಾರ್ಖಾನೆಗಳಲ್ಲಿ.

ನಮ್ಮ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿತ್ತು. 1948ರ ಕಾರ್ಖಾನೆ ಕಾಯ್ದೆ ಇಂಥ ಕಡೆಗಳಿಗೆಲ್ಲ ಒಂದು ಲೆಕ್ಕ ಹಾಕಿಕೊಟ್ಟಿತು: 150 ಕೆಲಸಗಾರರಿಗೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, 500ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಆಂಬುಲೆನ್ಸ್ ರೂಮ್, ಅದನ್ನು ನೋಡಿಕೊಳ್ಳೋಕೆ ವೈದ್ಯಕೀಯ ಮತ್ತು ನರ್ಸಿಂಗ್ ಸಿಬ್ಬಂದಿ.

ಸರಿ, ಆ ಕೆಲಸಗಾರರ ಮಕ್ಕಳು ಓದುತ್ತಿದ್ದ ಶಾಲೆಗಳಿಗೆ?

ಯೋಚನೆ ಇರಲಿಲ್ಲ ಅಂತಲ್ಲ. ಬರೋಡಾದಲ್ಲಿ 1909ರಲ್ಲೇ ಶಾಲಾ ಮಕ್ಕಳ ತಪಾಸಣೆ ನಡೆದಿತ್ತು. ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅಂತ 1946ರಲ್ಲಿ ಭೋರ್ ಸಮಿತಿ ನೇರವಾಗಿ ಬರೆಯಿತು. 1960ರಲ್ಲಿ ಇದಕ್ಕೆಂದೇ ರೇಣುಕಾ ರೇ ಸಮಿತಿ ಬಂತು. ಆದ್ರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ ತೆಗೆದು ನೋಡಿ. ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಕಾಂಪೌಂಡ್ ಎಲ್ಲ ಇವೆ. ನರ್ಸ್ ಇಲ್ಲ, ಆರೋಗ್ಯ ಕೊಠಡಿಯೂ ಇಲ್ಲ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಇಬ್ಬರು ಆಯುಷ್ ವೈದ್ಯರು, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್ ಇರುವ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಇದು ಸಣ್ಣ ಮಾತಲ್ಲ. ಹೃದಯದ ತೊಂದರೆ, ಕಿವಿ-ಕಣ್ಣಿನ ದೋಷ ಗೊತ್ತಾಗೋದೇ ಇಂಥ ತಪಾಸಣೆಯಿಂದ. ಆದ್ರೆ ವ್ಯಾನ್ ಹೊರಟ ಮೇಲೆ? ಚೀಟಿ ಹಿಡಿದು ಮಗುವನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅಂದ್ರೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋ ಅಮ್ಮನಿಗೆ ಒಂದು ದಿನದ ಕೂಲಿ ಹೋಯ್ತು ಅಂತ ಅರ್ಥ.

ಇದೇ ಸಮಸ್ಯೆ ನ್ಯೂಯಾರ್ಕಿಗೂ ಇತ್ತು. ಅಲ್ಲಿ ಡಾಕ್ಟರುಗಳು ಬರೋರು, ಕಜ್ಜಿ, ಹೇನು, ಕಣ್ಣಿನ ಸೋಂಕು ಇದ್ದ ಮಕ್ಕಳನ್ನ ಮನೆಗೆ ಕಳಿಸೋರು. ಮಗು ಬೀದಿ ಸುತ್ತೋದು, ರೋಗ ಹಾಗೇ ಉಳಿಯೋದು. 1902ರಲ್ಲಿ ಲೀನಾ ರೋಜರ್ಸ್ ಎಂಬ ನರ್ಸನ್ನು ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಹಾಕಿದರು. ಆಕೆ ಶಾಲೆಯಲ್ಲೇ ಮದ್ದು ಹಚ್ಚಿದಳು, ಮನೆಗೇ ಹೋಗಿ ತಾಯಂದಿರಿಗೆ ತಿಳಿಹೇಳಿದಳು. ಪ್ರಯೋಗ ಫಲ ಕೊಟ್ಟಿತು, ಇನ್ನಷ್ಟು ನರ್ಸುಗಳು ಬಂದರು. ವರ್ಷದೊಳಗೆ ಹೀಗೆ ಮನೆಗೆ ಕಳಿಸುವ ಪ್ರಮಾಣ ಸುಮಾರು ಹತ್ತನೇ ಒಂದಕ್ಕೆ ಇಳಿಯಿತು.

1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇರುವ, ನರ್ಸಿಂಗ್ ಕಾಲೇಜುಗಳೂ ಇರುವ ಊರು ದಾವಣಗೆರೆ. ಇಲ್ಲಿ ಕಲಿತ ನರ್ಸುಗಳಲ್ಲಿ ಒಬ್ಬರನ್ನು ನಾಲ್ಕು ಶಾಲೆಗಳಿಗೆ ಹಂಚಿಕೊಟ್ಟರೂ ಸಾಕು, ಲೀನಾಳ ಲೆಕ್ಕ ಅಷ್ಟೇ. ಮುಂದಿನ ಸಲ ಊರಿಗೆ ಹೋದಾಗ ನೀವು ಓದಿದ ಶಾಲೆಯ ಎಸ್‌ಡಿಎಂಸಿಯವರನ್ನ ಕೇಳಿ ನೋಡಿ: ಮಗುವಿಗೆ ಜ್ವರ ಬಂದ್ರೆ ಇಲ್ಲಿ ನೋಡೋರು ಯಾರು?