ಉಳಿಸಿದ ವ್ಯಾಳ್ಯಾ ಎಲ್ಲಿ ಹೋತು?

ಹೋದ ತಿಂಗಳ ಪುಣೆಯಿಂದ ನನ್ನ ಮಗಳು ಫೋನ್ ಮಾಡಿದ್ಲು. "ಅವ್ವಾ, ಯಾವಾಗ ಕೇಳಿದ್ರೂ ಟೈಮ್ ಇಲ್ಲಾ ಅಂತೀ. ಒಂದು ಆಪ್ ಕಳಸೇನಿ, ಮುಂಜಾನೆ ಎದ್ದ ಕೂಡಲೇ ಕೆಲಸಾ ಎಲ್ಲಾ ಅದರಾಗ ಬರಕೋ, ಮುಗಿಸಿದ್ದಕ್ಕ ಟಿಕ್ ಹೊಡಿ" ಅಂದ್ಲು. ಆತು ಅಂತ ಮರುದಿವಸ ಬರಕೊಂಡೆ. ಒಟ್ಟು ಹನ್ನೊಂದು ಕೆಲಸಾ. ಏಳೂವರಿಕ್ಕ ಓಣಿಯೊಳಗ ಕೂಗಾಟ ಸುರು ಆತು, ನಾಳೆ ಬರಬೇಕಾದ ನಳಾ ಇವತ್ತ ಬಂದಿತ್ತು! ಟಾಕಿ, ಹಂಡೆ, ಕೊಡಾ, ಬಕೀಟು ಎಲ್ಲಾ ತುಂಬಿಸೂದ್ರಾಗ ಹನ್ನೊಂದು ಹೊಡೀತು. ಸಂಜೀಕ ನೋಡತೇನಿ, ಹನ್ನೊಂದರಾಗ ಟಿಕ್ ಬಿದ್ದದ್ದು ಮೂರಕ್ಕ. ನೀರು ತುಂಬಿದ್ದು ಆ ಪಟ್ಟಿಯೊಳಗ ಇರಲೇ ಇಲ್ಲಾ.

ವೈನಿ, ಅಕ್ಕಾ, ನಮ್ಮ ಓಣಿ ಗೆಳತ್ಯಾರ, ನಿಮಗೂ ಹಿಂಗ ಆಗಿರತದ. ಆಗ ನಾವು ಏನಂತೀವಿ? "ನನಗ ಟೈಮ್ ಹೊಂದಿಸಲಿಕ್ಕೆ ಬರೂದಿಲ್ಲ" ಅಂತ ನಮ್ಮನ್ನs ಬೈಕೋತೀವಿ. ನಾ ಅಂತೂ ಮೂವತ್ತು ವರ್ಷ ಬೈಕೊಂಡೇನಿ. ಯಾಕ ಅಂತ ಕಡೀಕ ಹೇಳತೇನಿ. ಅದಕ್ಕೂ ಮೊದಲ ಒಂದು ಇತಿಹಾಸ ಕೇಳ್ರಿ. ಈ ಟೈಮ್ ಉಳಸೋ ಬುದ್ಧಿಮಾತು ಎಲ್ಲಾ ಯಾರು ಹೇಳಿದ್ರು, ಯಾರಿಗೆ ಹೇಳಿದ್ರು ಅಂತ ಮಗಳು ತರಿಸಿಕೊಟ್ಟ ಪುಸ್ತಕಗಳನ್ನ ಓದಕೋತ ಹೋದೆ. ಇಂಗ್ಲಿಷ್ ಓದೂದು ನನಗ ನಿಧಾನ, ದಿನಕ್ಕ ಎರಡೋ ಮೂರೋ ಪಾನ. ಆದ್ರ ಓದಿದ ಮ್ಯಾಲೆ ಕಣ್ಣು ತೆರದಂಗ ಆತು.

ಮೊದಲನೇ ಮಾತು, "ಎಲ್ಲಾರಿಗೂ ದಿನಕ್ಕ ಇಪ್ಪತ್ನಾಲ್ಕs ತಾಸು." ಇದನ್ನ ನಾವು ಎಷ್ಟು ಸಲ ಕೇಳಿಲ್ಲಾ! 1908ರಾಗ ಇಂಗ್ಲೆಂಡಿನ ಆರ್ನಲ್ಡ್ ಬೆನೆಟ್ ಅನ್ನೋ ಕಾದಂಬರಿಕಾರ, ದಿನದ ಇಪ್ಪತ್ನಾಲ್ಕು ತಾಸಿನೊಳಗ ಬದುಕೂದು ಹೆಂಗ ಅಂತ ಒಂದು ಸಣ್ಣ ಪುಸ್ತಕಾ ಬರದಾ. ಭಾಳ ಖರ್ಚಾತು ಅದು. ಶ್ರೀಮಂತ ಇರಲಿ ಬಡವ ಇರಲಿ, ಸಮಯ ಎಲ್ಲಾರಿಗೂ ಸರಿಸಮಾನ ಸಿಗತದ ಅನ್ನೂದು ಅದರ ತಿರುಳು. ಹತ್ತರಿಂದ ಆರರ ತನಕ ಆಫೀಸಿಗೆ ಹೋಗೋ ಗಂಡಸಿಗೆ ಬರದದ್ದು: ಉಳಿದ ಹದಿನಾರು ತಾಸು ನಿಂದೇ ಅಲ್ಲಾ, ಓದಿಕೋ, ವಿಚಾರ ಮಾಡು, ಮುಂಜಾನೆ ಒಂದು ತಾಸು ಲಗೂ ಏಳು ಅಂತ. ಅಷ್ಟು ಲಗೂ ಎದ್ರ ಚಹಾ ಯಾರು ಕೊಡಬೇಕು? ಅದಕ್ಕೂ ಅವನ ಹತ್ತರ ಉಪಾಯ ಇತ್ತು. ಮನಿಯೊಳಗಿನ ಆಳಿಗೆ ರಾತ್ರೀನೇ ಹೇಳಿಡು, ಅಕಿ ಒಂದು ತಾಟಿನೊಳಗ ಎರಡು ಬಿಸ್ಕೀಟು, ಕಪ್ಪು ಬಸಿ, ಕಡ್ಡೀಪೆಟಗಿ, ಸ್ಪಿರಿಟ್ ಸ್ಟೋವ್, ಅದರ ಮ್ಯಾಲೆ ಪಾತೇಲಿ ಎಲ್ಲಾ ಇಟ್ಟು ಮಲಗಲಿ ಅಂತ.

ಇದನ್ನ ಓದಿ ನಾ ಪುಸ್ತಕಾ ಮುಚ್ಚಿಟ್ಟು ನಕ್ಕೆ. ಆಮ್ಯಾಲೆ ನಗು ನಿಂತು ಹೋತು. ಆ ತಾಟು ಇಟ್ಟು ಮಲಗಿದಾಕಿಗೂ ಇಪ್ಪತ್ನಾಲ್ಕs ತಾಸಲ್ಲಾ? ಅಕಿಗೆ ಆ ಪುಸ್ತಕದಾಗ ಒಂದು ತಾಸೂ ಸಿಗಲಿಲ್ಲ. ಆತನ ಮುಂಜಾನಿ ಒಂದು ತಾಸು ಅಕಿಯ ರಾತ್ರಿಯಿಂದ ಕಡ ತಗೊಂಡದ್ದು.

ಎರಡನೇ ಮಾತು, "ಲಗೂ ಲಗೂ ಮಾಡಿದ್ರ ಟೈಮ್ ಉಳಿತದ." ಇದು ಕಾರಖಾನಿಯಿಂದ ಬಂದದ್ದು. ಅಮೆರಿಕಾದ ಫ್ರೆಡರಿಕ್ ಟೇಲರ್ ಅನ್ನೋ ಎಂಜಿನಿಯರ್ ಗಡಿಯಾರ ಹಿಡದು ಕೂಲಿಗಳ ಮುಂದ ನಿಂತು, ಯಾವ ಕೆಲಸಕ್ಕ ಎಷ್ಟು ಸೆಕೆಂಡು ಬೇಕು ಅಂತ ಅಳತಿ ಮಾಡಿಸಿದಾ. 1911ರಾಗ ಅದರ ಮ್ಯಾಲೆ ಪುಸ್ತಕಾ ಬರದಾ. ಅದರಾಗ ಅವನs ಹೇಳೋ ಲೆಕ್ಕ ಕೇಳ್ರಿ. ಕಬ್ಬಿಣದ ಗಟ್ಟಿ ಹೊರೋ ಒಬ್ಬ ಕೂಲಿಯವ ದಿನಕ್ಕ ಹನ್ನೆರಡೂವರಿ ಟನ್ ಹೊರತಿದ್ದಾ, ಹೊಸಾ ಪದ್ಧತಿಯಿಂದ ನಲವತ್ತೇಳೂವರಿ ಟನ್ ಹೊತ್ತಾ. ಕೂಲಿ 1.15 ಡಾಲರ್ ಇದ್ದದ್ದು 1.85 ಡಾಲರ್ ಆತು. ಕೆಲಸಾ ಹತ್ತಹತ್ತರ ನಾಲ್ಕು ಪಟ್ಟು, ಪಗಾರ ಎರಡು ಪಟ್ಟೂ ಇಲ್ಲಾ! ಕೆಲಸಾ ಲಗೂ ಮುಗದ್ರ ಅವನ್ನ ಮನಿಗೆ ಕಳಸಲಿಲ್ಲ, ಇನ್ನಷ್ಟು ಹೊರಿಸಿದ್ರು. ನಮ್ಮ ಮನಿಯೊಳಗೂ ಹಂಗ ಅಲ್ಲೇನು? ಅಡಿಗಿ ಹತ್ತಕ್ಕ ಮುಗಿಸಿ ಕೂತ್ರ, "ಹೆಂಗೂ ಖಾಲಿ ಇದ್ದೀ, ಮ್ಯಾಲಿನ ಡಬ್ಬಿ ಇಳಿಸಿ ಒರಸು" ಅಂತಾರ. ಯಾರೂ ಅನ್ನದಿದ್ರ ನಾವs ಅಂತೀವಿ.

ಈ ಗಡಿಯಾರ ಅಡಿಗಿ ಮನಿಗೆ ಬಂದದ್ದು ಮರು ವರ್ಷನs. 1912ರಾಗ ಕ್ರಿಸ್ಟಿನ್ ಫ್ರೆಡರಿಕ್ ಅನ್ನೋ ಅಮೆರಿಕಾದ ಗೃಹಿಣಿ ಹೆಣ್ಣುಮಕ್ಕಳ ಪತ್ರಿಕೆಯೊಳಗ ಹೊಸ ಮನಿವಾರ್ತೆ ಅಂತ ಲೇಖನ ಬರದ್ಲು. ಭಾಂಡಿ ತೊಳಿಯೋವಾಗ ತಾನು ಎಂಬತ್ತು ಸಲ ಬ್ಯಾಡಾದ ಕಡೆ ಕೈ ಆಡಸತಿದ್ದೆ ಅಂತ ಕಂಡು ಹಿಡದ್ಲಂತ. ತೊಳದ ಭಾಂಡಿ ಯಾವ ಕಡೆ ಇಡಬೇಕು, ಕಟ್ಟಿ ಎಷ್ಟು ಎತ್ತರ ಇರಬೇಕು ಅಂತ ಎಲ್ಲಾ ಹೇಳಿದ್ಲು. ಇದನ್ನ ನಾ ಹಳೀತಗಿಯೂದಿಲ್ಲ. ನಮ್ಮ ಅಡಿಗಿ ಮನಿ ಕಟ್ಟಿ ಇವತ್ತು ನಡಾ ನೋಯಿಸದಂಗ ಇರೂದಕ್ಕ ಅಂಥವರು ಮಾಡಿದ ಅಳತಿನೂ ಕಾರಣ. ಆದ್ರ ಅಕಿ 1929ರಾಗ ಬರದ ಇನ್ನೊಂದು ಪುಸ್ತಕಾ ಗೃಹಿಣಿಯರಿಗಲ್ಲ, ಗೃಹಿಣಿಯರಿಗೆ ಸಾಮಾನು ಹೆಂಗ ಮಾರಬೇಕು ಅಂತ ವ್ಯಾಪಾರಿಗಳಿಗೆ!

ಇವರೆಲ್ಲಾರಿಗಿಂತ ನನಗ ಮನಸಿಗೆ ಹತ್ತಿದಾಕಿ ಲಿಲಿಯನ್ ಗಿಲ್‌ಬ್ರೆತ್. ಗಂಡ ಫ್ರಾಂಕ್ ಮೊದಲ ಇಟ್ಟಂಗಿ ಕೆಲಸದಾಂವ. ಒಂದು ಇಟ್ಟಂಗಿ ಇಡಲಿಕ್ಕೆ ಹದಿನೆಂಟು ಸಲ ಕೈ ಮೈ ಆಡಸತಿದ್ದದ್ದನ್ನ ಐದಕ್ಕ ಇಳಿಸಿದ್ದಾ. ಮನಿಯೊಳಗೂ ಅದೇ ಹುಚ್ಚು. ಎರಡು ವಸ್ತ್ರಾ ಹಿಡದು ದಾಡಿ ಮಾಡಕೊಂಡ್ರ 44 ಸೆಕೆಂಡು ಉಳಿತದ ಅಂತ ಮಾಡಲಿಕ್ಕೆ ಹೋಗಿ ಗಂಟಲಾ ಕೊಯ್ಕೊಂಡು, ಪಟ್ಟಿ ಕಟ್ಟಲಿಕ್ಕೆ ಎರಡು ನಿಮಿಷ ಹೋತಲ್ಲಾ ಅಂತ ಹಳಹಳಿಸಿದ್ದಾ ಅಂತ ಅವರ ಮಕ್ಕಳು 1948ರಾಗ ಬರದ ಪುಸ್ತಕದಾಗ ಅದ. ಹನ್ನೆರಡು ಮಕ್ಕಳನ್ನ ಹಡದ ತಾಯಿ ಲಿಲಿಯನ್. ಓದಿ ಡಾಕ್ಟರೇಟ್ ತಗೊಂಡಾಕಿ. 1924ರಾಗ ಫ್ರಾಂಕ್ ತಟ್ಟನೆ ತೀರಕೊಂಡಾ. ಹನ್ನೊಂದು ಮಕ್ಕಳು ಉಳದಿದ್ರು, ಒಂದು ಮೊದಲs ತೀರಿಹೋಗಿತ್ತು. ಗಂಡನ ಜೋಡಿ ಕೂಡಿ ಮಾಡಿದ ಕೆಲಸಾ ಇದ್ರೂ, ಹೆಣ್ಣಮಗಳು ಅಂತ ಕಾರಖಾನಿಯವರು ಒಬ್ಬಾಕಿಗೆ ಕೆಲಸಾ ಕೊಡಲಿಕ್ಕೆ ಹಿಂದ ಮುಂದ ನೋಡಿದ್ರು. ಹೆಣ್ಣಮಗಳು ಅಂದ್ರ ಅಡಿಗಿ ಮನಿ ಬಗ್ಗೆ ಹೇಳಿದ್ರ ಕೇಳತಾರಲ್ಲಾ ಅಂತ ಅಕಿ ಅಡಿಗಿ ಮನಿ ಕಡೆ ಹೊಳ್ಳಿದ್ಲು. ಒಂದು ಪರೀಕ್ಷಾದಾಗ ಸ್ಟ್ರಾಬೆರಿ ಕೇಕು ಮಾಡಲಿಕ್ಕೆ 281 ಹೆಜ್ಜಿ ಅಡ್ಡಾಡತಿದ್ದದ್ದನ್ನ 45 ಹೆಜ್ಜಿಗೆ ಇಳಿಸಿ ತೋರಿಸಿದ್ಲು. ಖರೆ ಹೇಳಬೇಕಂದ್ರ ಅಕಿಗೆ ಅಡಿಗಿ ಅಷ್ಟಕ್ಕಷ್ಟೇ. ಮನಿಯೊಳಗ ಕೆಲಸಕ್ಕ ಮಂದಿ ಇದ್ರು. ಇದು ಅಕಿಯ ತಪ್ಪಲ್ಲ. ಒಬ್ಬಾಕಿ ಹೊರಗ ಇಷ್ಟು ಕೆಲಸಾ ಮಾಡಬೇಕಂದ್ರ ಮನಿಯೊಳಗ ಇನ್ನೊಬ್ಬರು ನಿಂತಿರಬೇಕು ಅನ್ನೂದಕ್ಕ ಅಕಿನೇ ಸಾಕ್ಷಿ. ಆದ್ರ ಆ ಇನ್ನೊಬ್ಬರ ಹೆಸರು ಟೈಮ್ ಉಳಸೋ ಪುಸ್ತಕದಾಗ ಬರೂದಿಲ್ಲ.

ಮೂರನೇ ಮಾತು, "ಮಷೀನ್ ಬಂದಾವ, ಈಗಿನ ಹೆಣ್ಣುಮಕ್ಕಳಿಗೆ ಏನು ಕೆಲಸಾ?" ಇದನ್ನ ನಮ್ಮ ಅತ್ತಿಯವರು ದಿನಾ ಅಂತಿದ್ರು. 1974ರಾಗ ಜೋಆನ್ ವಾನೆಕ್ ಅನ್ನೋ ಸಂಶೋಧಕಿ ಅಮೆರಿಕಾದ ಹಳೇ ಲೆಕ್ಕಪತ್ರ ತಗದು ನೋಡಿದ್ಲು. ನೌಕರಿ ಮಾಡದ ಗೃಹಿಣಿಯರು 1920ರ ದಶಕದಾಗ ವಾರಕ್ಕ ಸುಮಾರು 52 ತಾಸು ಮನಿಗೆಲಸಾ ಮಾಡತಿದ್ರು. 1960ರ ದಶಕದಾಗ, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲಾ ಬಂದ ಮ್ಯಾಲೆ, 55 ತಾಸು! ಕಡಿಮಿ ಆಗೂದು ದೂರ ಉಳೀತು, ಮೂರು ತಾಸು ಜಾಸ್ತಿನೇ ಆಗಿತ್ತು.

ಯಾಕ ಹಿಂಗಾತು? ಅದನ್ನ ರೂಥ್ ಶ್ವಾರ್ಟ್ಸ್ ಕೋವನ್ ಅನ್ನೋ ಇತಿಹಾಸಕಾರ್ತಿ 1983ರಾಗ ಬರದ್ಲು. ಅಮೆರಿಕಾದಾಗ ಮೊದಲ ಒಲಿಗೆ ಕಟಗಿ ಒಡದು ತರೂದು ಗಂಡಸರ ಕೆಲಸಾ. ಕಬ್ಬಿಣದ ಒಲಿ ಬಂತು, ಕಟಗಿ ಕಡಿಮಿ ಸಾಕಾತು, ಗಂಡಸರ ಕೆಲಸಾ ಇಳೀತು. ಆದ್ರ ಒಲಿ ಮ್ಯಾಲೆ ಒಂದs ಸಲಕ್ಕ ನಾಲ್ಕು ಪದಾರ್ಥ ಇಡಲಿಕ್ಕೆ ಬರತದ ಅಂತ ಒಂದು ಪಾತೇಲಿ ಅಡಿಗಿ ಹೋಗಿ ನಾಲ್ಕು ಥರದ ಅಡಿಗಿ ಆತು. ಮನಿಯೊಳಗಿನ ಕಾಳು ಬೀಸೂದ್ರಾಗ ಗಂಡಸರೂ ಹುಡುಗ್ರೂ ಕೈ ಹಚ್ಚತಿದ್ರು. ಗಿರಣಿಯ ಬಿಳೇ ಹಿಟ್ಟು ಬಂತು, ಅವರ ಕೈ ಬಿಡುವಾತು. ಆದ್ರ ಒರಟು ರೊಟ್ಟಿ ಬದಲಿ ಉಬ್ಬಿದ ಬ್ರೆಡ್ಡು, ಕೇಕು ಮಾಡಬೇಕಾತು, ಅದು ಹೆಣ್ಣುಮಕ್ಕಳ ಪಾಲಿಗೆ ಬಂತು. ಅರಬಿ ಒಗಿಯಲಿಕ್ಕೆ ಹೊರಗಿನಾಕಿ ಬರತಿದ್ಲು, ಮಷೀನ್ ಬಂದ ಮ್ಯಾಲೆ ಅಕಿನ್ನ ಬಿಡಿಸಿದ್ರು, ಒಗೂದು ಮನಿಯಾಕಿಗೆ ಬಂತು. ಜೋಡಿಗೆ ದಿನಾ ಅರಬಿ ಬದಲಸೂದು ರೂಢಿ ಆತು.

ಇದನ್ನ ಓದೂವಾಗ ನಮ್ಮ ಮನಿನೇ ಕಣ್ಣಮುಂದ ಬಂತು. ಒಳಕಲ್ಲು ಇದ್ದಾಗ ನಮ್ಮ ಅವ್ವ ದ್ವಾಶಿ ಮಾಡೂದು ತಿಂಗಳಿಗೊಮ್ಮೆ, ಅಮಾವಾಸಿ ಹಬ್ಬ ಅಂತ ಬಂದಾಗ. ನನ್ನ ಮನಿಗೆ ಮಿಕ್ಸರ್ ಬಂದ ಮ್ಯಾಲೆ ವಾರಕ್ಕ ಎರಡು ಸಲ ದ್ವಾಶಿ, ಜೋಡಿಗೆ ಎರಡು ಚಟ್ನಿ. ಹಿಟ್ಟಿನ ಗಿರಣಿಗೆ ಡಬ್ಬಿ ಹೊತ್ಕೊಂಡು ಹೋಗೂದು ಅಣ್ಣನ ಕೆಲಸಾ ಇತ್ತು. ಈಗ ಹಿಟ್ಟು ಪಾಕೀಟಿನೊಳಗ ಮನಿಗೇ ಬರತದ, ಗಂಡಸರ ಆ ಒಂದು ಕೆಲಸಾನೂ ಹೋತು. ಭಕ್ರಿ ಬಡಿಯೂದು ಮಾತ್ರ ಯಾರೂ ಕಸಕೊಳ್ಳಲಿಲ್ಲ ನೋಡ್ರಿ!

ನಮ್ಮ ದೇಶದ ಲೆಕ್ಕಾನೂ ಅದ. ಯಾರು ಯಾವ ಕೆಲಸಕ್ಕ ಎಷ್ಟು ಹೊತ್ತು ಕೊಡತಾರ ಅಂತ ಸರಕಾರದವರು 2019ರಾಗ ದೇಶದ ತುಂಬ ಕೇಳಿ ಬರಕೊಂಡ್ರು. ಪಗಾರ ಇಲ್ಲದ ಮನಿಗೆಲಸಾ ಮಾಡೋ ಹೆಣ್ಣುಮಕ್ಕಳು ದಿನಕ್ಕ 299 ನಿಮಿಷ, ಅಂದ್ರ ಐದು ತಾಸಿಗೆ ಒಂದು ನಿಮಿಷ ಕಡಿಮಿ. ಮಾಡೋ ಗಂಡಸರು 97 ನಿಮಿಷ. ಅದೂ ನೂರು ಗಂಡಸರೊಳಗ ಮಾಡೋವ್ರು 26 ಮಂದಿ, ನೂರು ಹೆಣ್ಣುಮಕ್ಕಳೊಳಗ 81 ಮಂದಿ. ಮತ್ತ 2024ರಾಗ ಕೇಳಿದ್ರು. ಹೆಣ್ಣುಮಕ್ಕಳದು 289, ಗಂಡಸರದು 88. ನಮ್ಮದು ಹತ್ತು ನಿಮಿಷ ಇಳದದ, ಅವರದು ಒಂಬತ್ತು. ನಡುವಿನ ಅಂತರ 202 ನಿಮಿಷ ಇದ್ದದ್ದು 201 ಆಗ್ಯದ. ಐದು ವರ್ಷಕ್ಕ ಒಂದು ನಿಮಿಷ!

ಈಗ ನನ್ನ ಕಥಿ. ಪಿಯುಸಿ ಪಾಸಾದ ವರ್ಷನs ನನ್ನ ಮದುವಿ ಆತು. ಮನಿಯೊಳಗಿದ್ದs ಬಿ.ಎ. ಮಾಡಬೇಕಂತ ಅಂಚೆ ಶಿಕ್ಷಣಕ್ಕ ಎರಡು ಸಲ ಫೀ ತುಂಬಿದ್ದೆ. ಮೊದಲನೇ ಸಲ ಮಗಳು ಸಣ್ಣಾಕಿ, ಎರಡನೇ ಸಲ ಅತ್ತಿಯವರು ಹಾಸಿಗಿ ಹಿಡದ್ರು. ಎರಡೂ ಸಲ ಪರೀಕ್ಷಾಕ್ಕ ಕೂಡಲಿಲ್ಲ. "ದಿನಕ್ಕ ಎರಡು ತಾಸು ತಗಿಯೂದು ಏನು ದೊಡ್ಡದು? ನಿನಗ ಟೈಮ್ ಹೊಂದಿಸಲಿಕ್ಕೆ ಬರೂದಿಲ್ಲ" ಅಂದ್ರು ನಮ್ಮವರು. ಕೆಟ್ಟ ಮನಸಿನಿಂದ ಅಂದದ್ದಲ್ಲ. ನಾನೂ ಅದನ್ನs ನಂಬಿದೆ. ಆ ಪುಸ್ತಕಾ ಇನ್ನೂ ಮ್ಯಾಲಿನ ಕಪಾಟಿನೊಳಗ ಅವ. ಒರಸೂವಾಗೊಮ್ಮೆ ಮನಸಿಗೆ ಚುಚ್ಚತಿತ್ತು.

ಮೊನ್ನೆ ಐತವಾರ ನಮ್ಮವರಿಗೆ ಒಂದು ಹಾಳಿ ಕೊಟ್ಟೆ, ನಾನೂ ಒಂದು ತಗೊಂಡೆ. "ಪಟ್ಟಿ ಮೊದಲ ಬರಿಯೂದು ಬ್ಯಾಡ, ಮಾಡಿದ ಮ್ಯಾಲೆ ಬರಕೋತ ಹೋಗೂಣು" ಅಂದೆ. ರಾತ್ರಿ ಎರಡೂ ಎದುರಿಗಿಟ್ಟಿವಿ. ಅವರ ಹಾಳಿಯೊಳಗ ಒಂಬತ್ತು ಸಾಲು, ನಂದು ಎರಡೂ ಮಗ್ಗಲಾ ತುಂಬಿತ್ತು. ಅವರು "ಪೇಪರ್ ಓದಿದ್ದು, ಒಂದೂವರಿ ತಾಸು" ಅಂತ ಒಂದು ಸಾಲು ಬರದಿದ್ರು. ಅದೇ ಒಂದೂವರಿ ತಾಸಿನೊಳಗ ನಂದು ಹದಿನಾಲ್ಕು ಸಾಲು. ಅದರಾಗ ಎರಡು ಸಲ ಅವರಿಗೆ ಚಹಾ ಕೊಟ್ಟದ್ದೂ ಇತ್ತು. ಭಾಳ ಹೊತ್ತು ನೋಡಿದ್ರು, ಏನೂ ಅನ್ನಲಿಲ್ಲ. ಮುಂದ ನಳಾ ಬಂದ ದಿವಸ ತಾವs ಎದ್ದು ಪೈಪು ಹಿಡದ್ರು. ಅರ್ಧಾ ನೀರು ಅಂಗಳಕ್ಕ ಚೆಲ್ಲಿದ್ರು, ಆದ್ರ ನಾ ಒಳಗ ಕೂತು ಒಂದು ತಾಸು ಓದಿದೆ, ಎದ್ದು ಬರಲಿಲ್ಲ.

ಟೈಮ್ ಹಚ್ಚಕೊಳ್ಳೂದು ಬ್ಯಾಡ ಅಂತ ನಾ ಅನ್ನೂದಿಲ್ಲ. ಸಾಮಾನು ಕೈಗೆ ಸಿಗೋಹಂಗ ಇಡೂದು, ನಾಳಿನ ಕಾಯಿಪಲ್ಯಾ ರಾತ್ರಿ ಹೆಚ್ಚಿಡೂದು ಒಳ್ಳೇದs. ಆದ್ರ ಕೆಲಸಾ ಹಂಚಿಕೊಳ್ಳದ ಮನಿಯೊಳಗ ಉಳಿಸಿದ ವ್ಯಾಳ್ಯಾ ಉಳಸಿದಾಕಿ ಕೈಗೆ ಸಿಗೂದಿಲ್ಲ, ನೂರು ವರ್ಷದ ಇತಿಹಾಸ ಇದನ್ನs ಹೇಳತದ. ಅದಕ್ಕ ನೀವೂ ಒಂದು ದಿವಸ ಹಾಳಿ ಇಟ್ಟು ಬರದು ನೋಡ್ರಿ. ನಿಮ್ಮನ್ನ ಬೈಕೊಳ್ಳೂದಕ್ಕಲ್ಲ, ಮನಿಯವರಿಗೆ ತೋರಸೂದಕ್ಕ. ಗುರುವಾರ ಭಜನಿಗೆ ಬರೂವಾಗ ತಗೊಂಡು ಬರ್ರಿ, ಎಲ್ಲಾರೂ ಕೂಡಿ ಓದೂಣು.

ಬಿ.ಎ. ಫೀ ಈ ವರ್ಷ ತುಂಬತೇನೋ ಇಲ್ಲೋ ಇನ್ನೂ ನಿಕ್ಕಿ ಮಾಡಿಲ್ಲ. ಪುಸ್ತಕಾ ಅಂತೂ ಮ್ಯಾಲಿನಿಂದ ಇಳಿಸಿ ಇಟ್ಟೇನಿ.