ಸುಲ್ತಾನ್ ಬಜಾರಿನ ಉಸ್ತಾದರು

ಸುಲ್ತಾನ್ ಬಜಾರ್ ಎಂಬ ಹೆಸರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1933ರಲ್ಲಿ ಬ್ರಿಟಿಷರು ತಮ್ಮ ರೆಸಿಡೆನ್ಸಿಯ ಸುತ್ತಲಿನ ಪೇಟೆಗಳ ಆಡಳಿತವನ್ನು ನಿಜಾಮನಿಗೆ ಹಿಂದಿರುಗಿಸುವವರೆಗೆ ಇದು ರೆಸಿಡೆನ್ಸಿ ಬಜಾರು. ನಿಜಾಮನ ರಾಜಧಾನಿಯ ನಡುವೆಯೇ ನಿಜಾಮನ ಆಡಳಿತಕ್ಕೆ ಒಳಪಡದ ಒಂದು ದ್ವೀಪ. ಗುಜರಾತಿ, ಮಾರವಾಡಿ ಸಾಹುಕಾರರು ಇಲ್ಲಿ ನೆಲೆಸಿದರು. 1901ರಲ್ಲಿ ತೆಲುಗರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ಸ್ಥಾಪಿಸಿದ್ದೂ ಈ ಪರಿಸರದಲ್ಲೇ. ನಾವು ನಮ್ಮವನೆನ್ನುವ ದೊರೆಯ ಹೆಸರನ್ನು ತೆಲುಗರು ತಮ್ಮ ಗ್ರಂಥಾಲಯಕ್ಕಿಟ್ಟರೆಂದು ಮುನಿಸಿಕೊಳ್ಳುವ ಕನ್ನಡಿಗರನ್ನು ಕಂಡಿದ್ದೇನೆ. ಅಲ್ಲಿಂದ ಕಾಚಿಗುಡ ದೂರವಿಲ್ಲ. ಅಲ್ಲಿ ನಮ್ಮ ನೃಪತುಂಗನೂ ಇದ್ದಾನೆ, ಕರ್ನಾಟಕ ಸಾಹಿತ್ಯ ಮಂದಿರವೂ ಇದೆ ಎಂದು ಅವರನ್ನು ಸಮಾಧಾನಪಡಿಸಬೇಕಾಗುತ್ತದೆ.

ಇಂದು ಸೀರೆ, ಬಳೆ, ಹಳೆಯ ಪುಸ್ತಕಗಳಿಗಾಗಿ ಜನ ಈ ಪೇಟೆಗೆ ಬರುತ್ತಾರೆ. ಕೋಠಿಯಿಂದ ಅಬಿಡ್ಸ್ ಕಡೆಗೆ ಸಾಗುವ ಟ್ರೂಪ್ ಬಜಾರಿಗೆ ಕಾಲಿಟ್ಟರೆ ಸರಕು ಬೇರೆಯಾಗುತ್ತದೆ: ವೈರಿನ ಸುರುಳಿ, ಸ್ವಿಚ್ಚು, ಫ್ಯಾನು, ಪೈಪು, ಹೋಲ್ಡರು. ಪಕ್ಕದ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳು. ಈ ಅಂಗಡಿಗಳ ಮೆಟ್ಟಿಲ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತ ಎಲೆಕ್ಟ್ರಿಷಿಯನ್ನರಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯವರೂ ಸಿಗುತ್ತಾರೆ. ಆ ಮೂರು ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ನಕಾಶೆಯಲ್ಲಿ ಗೆರೆ ಎಳೆದರೂ ಹೊಟ್ಟೆಪಾಡಿನ ದಾರಿ ಬದಲಾಗಲಿಲ್ಲ. ಹೈದರಾಬಾದಿನ ಕನ್ನಡ ಮನೆಗಳಿಗೆ ಊರಿನಿಂದ ಬರುವ ಫೋನುಗಳಲ್ಲಿ ಈ ಪ್ರಶ್ನೆ ಆಗಾಗ ಇರುತ್ತದೆ: "ಕಾಕಾ, ಹುಡುಗನ್ನ ಮೂರು ತಿಂಗಳ ಕೋರ್ಸಿಗೆ ಹಾಕೋದೋ, ಐಟಿಐಗೆ ಹಚ್ಚೋದೋ, ಇಲ್ಲಾ ಯಾವುದಾದರೂ ಉಸ್ತಾದನ ಕೈಯಾಗ ಬಿಡೋದೋ?" ಇದಕ್ಕೆ ಒಂದೇ ವಾಕ್ಯದ ಉತ್ತರ ಕೊಡುವವರು ಈ ಮೂರು ದಾರಿಗಳ ಚರಿತ್ರೆಯನ್ನು ನೋಡಿರುವುದಿಲ್ಲ.

ಹೈದರಾಬಾದಿಗೆ ವಿದ್ಯುತ್ತು ಬಂದದ್ದು ಬೆಂಗಳೂರಿಗಿಂತ ತಡವಾಗಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ತಲುಪಿತ್ತು. ಇಲ್ಲಿ ಹುಸೇನ್ ಸಾಗರದ ದಂಡೆಯ ಉಷ್ಣ ವಿದ್ಯುತ್ ಸ್ಥಾವರ ತಲೆಯೆತ್ತಿದ್ದು 1920ರ ಹೊತ್ತಿಗೆ. ದೀಪ ಮೊದಲು ಅರಮನೆಗಳಿಗೆ, ದೇವಡಿಗಳಿಗೆ, ಬಳಿಕ ಪೇಟೆಯ ಸಾಹುಕಾರರ ಮನೆಗಳಿಗೆ ಬಂತು. 1929ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡುವ ಹಟ ತೊಟ್ಟ ಆ ವಿಶ್ವವಿದ್ಯಾಲಯಕ್ಕೆ ಪಾರಿಭಾಷಿಕ ಪದಗಳನ್ನು ಕಟ್ಟಿಕೊಡಲೆಂದೇ ಒಂದು ಅನುವಾದ ಸಂಸ್ಥೆಯಿತ್ತು. ಅಲ್ಲಿ ಕಟ್ಟಿದ ಪದಗಳು ಟ್ರೂಪ್ ಬಜಾರಿನ ಮೆಟ್ಟಿಲಿಳಿಯಲಿಲ್ಲ. ದಖನಿ ಮಾತಿನ ನಡುವೆ ಇಂದಿಗೂ ಫೇಸು ಫೇಸೇ, ನ್ಯೂಟ್ರಲ್ಲು ನ್ಯೂಟ್ರಲ್ಲೇ. ಒಂದು ಪರಂಪರೆ ಕಾಲೇಜಿನಲ್ಲಿ, ಇನ್ನೊಂದು ಏಣಿಯ ಮೇಲೆ, ನಡುವೆ ಸೇತುವೆಯಿರಲಿಲ್ಲ.

ಏಣಿಯ ಮೇಲಿನ ಆ ಪರಂಪರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂದಿನ ವೈರಿಂಗ್ ಅರ್ಧ ಬಡಗಿ ಕೆಲಸ. ರಬ್ಬರ್ ಹೊದಿಸಿದ ತಂತಿಯನ್ನು ಗಾಡಿ ಕೊರೆದ ಮರದ ಪಟ್ಟಿಯೊಳಗೆ ಕೂರಿಸಿ ಮೇಲೆ ಮುಚ್ಚಳದ ಪಟ್ಟಿ ಹೊಡೆಯುವುದು ಒಂದು ಕ್ರಮ. ಸಾಗುವಾನಿಯ ತೆಳು ಪಟ್ಟಿಯ ಮೇಲೆ ತಂತಿಯೆಳೆದು ಕ್ಲಿಪ್ಪು ಮಡಚುತ್ತ ಹೋಗುವುದು ಇನ್ನೊಂದು. ಗಚ್ಚಿನ ದಪ್ಪ ಗೋಡೆಗೆ ಮರದ ಗೂಟ ಬಡಿದು ಆ ಪಟ್ಟಿಗಳನ್ನು ನಿಲ್ಲಿಸಬೇಕಿತ್ತು. ಶಾಗಿರ್ದನಾಗಿ ಸೇರಿದ ಹುಡುಗ ಮೊದಲ ವರ್ಷವೆಲ್ಲ ಏಣಿ ಹಿಡಿದು, ಚಹಾ ತಂದು, ಗೂಟ ಬಡಿದು ಕಳೆಯುತ್ತಿದ್ದ. ಆಮೇಲೆ ತಂತಿಯ ಸಿಪ್ಪೆ ಸುಲಿಯುವ ಕೆಲಸ. ಒಳಗಿನ ತಾಮ್ರಕ್ಕೆ ಗೀರು ಬಿದ್ದರೆ ಉಸ್ತಾದನ ಪಕ್ಕಡ ಬೆನ್ನ ಮೇಲೆ ಬೀಳುತ್ತಿತ್ತು. ಗೀರು ಬಿದ್ದ ತಂತಿ ಆ ಜಾಗದಲ್ಲೇ ತುಂಡಾಗುತ್ತದೆ ಎಂಬ ಕಾರಣವನ್ನು ಉಸ್ತಾದ ಹೇಳುತ್ತಿದ್ದುದು ಕಡಿಮೆ. ಮೂರನೆಯ ವರ್ಷಕ್ಕೆ ಜಾಯಿಂಟು, ಆಮೇಲೆ ಮೆಟ್ಟಿಲಿನ ಎರಡು ಸ್ವಿಚ್ಚಿನ ದೀಪ, ಕೊನೆಯಲ್ಲಿ ಮೇನು ಬೋರ್ಡು. ಮೇನು ಬೋರ್ಡು ಮುಟ್ಟಲು ಅಪ್ಪಣೆ ಸಿಕ್ಕಿತೆಂದರೆ ಹುಡುಗ ಗೆದ್ದ ಹಾಗೆ. ಗರಡಿಯಲ್ಲಿ ಪಳಗುವುದು ಎಂದು ನಾವು ಕನ್ನಡದಲ್ಲಿ ಏನನ್ನು ಹೇಳುತ್ತೇವೋ ಅದೇ ಇದು.

ಇಂಥ ಕಲಿಕೆಯಲ್ಲಿ ಹುಡುಗನಿಗೆ ದಕ್ಕುತ್ತಿದ್ದ ದೊಡ್ಡ ಆಸ್ತಿ ಹಳೆಯ ಮನೆಯ ಗೋಡೆಯನ್ನು ಓದುವ ಕಣ್ಣು. ಸುಲ್ತಾನ್ ಬಜಾರಿನ ಒಂದು ಮಾಳಿಗೆಮನೆಯಲ್ಲಿ ಮೂರು ತಲೆಮಾರಿನ ವೈರಿಂಗ್ ಒಟ್ಟಿಗಿರುವುದು ಅಪರೂಪವಲ್ಲ. ಮೇಲಿನ ಕೋಣೆಯಲ್ಲಿ ಅರ್ಥ್ ತಂತಿಯೇ ಇಲ್ಲದ ಮರದ ಪಟ್ಟಿ, ನಡುಮನೆಯಲ್ಲಿ ಪಿವಿಸಿ ಪೈಪು, ಅಂಗಡಿಯಾಗಿಸಿದ ಕೆಳಗಿನ ಭಾಗದಲ್ಲಿ ಎಸಿಗಾಗಿ ಎಳೆದ ಹೊಸ ತಂತಿ. ಒಂದು ಕೋಣೆಯ ನ್ಯೂಟ್ರಲ್ಲನ್ನು ಇನ್ನೊಂದು ಕೋಣೆಯಿಂದ ಎರವಲು ತಂದಿರುತ್ತಾರೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿನ ಮೇಲೆ ಹಾಕಿರುತ್ತಾರೆ. ಸ್ವಿಚ್ಚು ಆರಿಸಿ ದೀಪ ಕೆಟ್ಟಿತೆಂದು ಹೋಲ್ಡರಿಗೆ ಕೈಹಾಕಿದವನಿಗೆ 230 ವೋಲ್ಟ್ ಕಾದಿರುತ್ತದೆ. ಯಾವ ಪಠ್ಯವೂ ಇಂಥ ಮನೆಯ ಚಿತ್ರವನ್ನು ಬರೆದುಕೊಡಲಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹಳೆಯದರ ಹೊಗಳಿಕೆಯಾದೀತು, ಅರ್ಧಸತ್ಯವೂ ಆದೀತು. ಉಸ್ತಾದನ ಅಂಗಡಿಗೆ ಬಾಗಿಲಿತ್ತು. ಅದು ಅಣ್ಣನ ಮಗನಿಗೆ, ಗಲ್ಲಿಯ ಹುಡುಗನಿಗೆ, ಪರಿಚಿತನ ಶಿಫಾರಸಿಗೆ ಮಾತ್ರ ತೆರೆಯುತ್ತಿತ್ತು. ಹೆಣ್ಣುಮಕ್ಕಳಿಗಂತೂ ಅದು ಬಾಗಿಲೇ ಅಲ್ಲ. ಸಂಬಳವೆಂಬುದು ಉಸ್ತಾದನ ಮರ್ಜಿ. ವಿದ್ಯೆಯ ಕೊನೆಯ ಗುಟ್ಟನ್ನು ಬಿಟ್ಟುಕೊಡದೆ ಹುಡುಗನನ್ನು ವರ್ಷಗಟ್ಟಲೆ ಕೈಕೆಳಗೇ ಇರಿಸಿಕೊಂಡವರೂ ಉಂಟು. ಅದಕ್ಕಿಂತ ಕೆಟ್ಟದ್ದೆಂದರೆ, ವಿದ್ಯೆಯ ಜೊತೆಗೆ ದುರಭ್ಯಾಸವೂ ಪಾರಂಪರ್ಯವಾಗಿ ಇಳಿಯುತ್ತಿತ್ತು: ಬೆರಳು ತಾಗಿಸಿ ಕರೆಂಟು ನೋಡುವುದು, ಹಾರಿಹೋದ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು, ಮೇನು ಆರಿಸದೆ ಕೆಲಸ ಮಾಡುವುದನ್ನೇ ಗಂಡಸುತನವೆನ್ನುವುದು. ಈ ದೇಶದಲ್ಲಿ ವಿದ್ಯುತ್ ತಗುಲಿ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಆ ಲೆಕ್ಕದಲ್ಲಿ ಉಸ್ತಾದರ ಪಾಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ನಾನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಯಾದ್ದರಿಂದ ಇಲ್ಲಿ ತುಸು ಇಂಗ್ಲೆಂಡಿನ ಕಡೆ ಹೊರಳಿದರೆ ಓದುಗರು ಕ್ಷಮಿಸಬೇಕು. ಅಲ್ಲಿ 1563ರ ಒಂದು ಕಾನೂನು ಕಸುಬು ಕಲಿಯಲು ಏಳು ವರ್ಷದ ಶಿಷ್ಯವೃತ್ತಿ ಕಡ್ಡಾಯವೆಂದಿತ್ತು. 1776ರಲ್ಲಿ ಆ್ಯಡಂ ಸ್ಮಿತ್ ಇದನ್ನು ಗೇಲಿ ಮಾಡಿದ. ಗಡಿಯಾರ ಕಟ್ಟುವ ವಿದ್ಯೆಯನ್ನು ಕೂಡ ಕೆಲವು ವಾರಗಳಲ್ಲಿ ವಿವರಿಸಿ ಹೇಳಬಹುದು, ಕೈಚಳಕವೇನೋ ಅಭ್ಯಾಸದಿಂದ ಬರಬೇಕು, ಆದರೆ ಮೊದಲ ದಿನದಿಂದ ಕೂಲಿ ಕೊಟ್ಟು ಹಾಳುಮಾಡಿದ ಸಾಮಗ್ರಿಯ ಬೆಲೆಯನ್ನು ಹುಡುಗನಿಂದಲೇ ಭರಿಸಿಕೊಂಡರೆ ಅವನು ಬೇಗ ಕಲಿಯುತ್ತಾನೆ ಎಂಬುದು ಅವನ ವಾದ. ಇಂದಿನ ಅಲ್ಪಾವಧಿ ಕೋರ್ಸುಗಳ ಮೂಲಪುರುಷ ಅವನೇ ಎನ್ನಬಹುದು. 1814ರಲ್ಲಿ ಏಳು ವರ್ಷದ ನಿಯಮ ರದ್ದಾಯಿತು. ತಮಾಷೆಯೆಂದರೆ, ಅದಕ್ಕೆ ಕೆಲವೇ ವರ್ಷ ಮೊದಲು ಲಂಡನ್ನಿನ ಒಬ್ಬ ಬಡ ಹುಡುಗ ಪುಸ್ತಕದ ರಟ್ಟು ಕಟ್ಟುವವನ ಬಳಿ ಏಳು ವರ್ಷ ಪೂರ್ತಿ ಶಿಷ್ಯನಾಗಿದ್ದ. ರಟ್ಟಿಗೆಂದು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗೆಗಿನ ಲೇಖನವನ್ನು ಓದಿದ. ಅವನು ಮೈಕೆಲ್ ಫ್ಯಾರಡೆ.

ಸ್ಮಿತ್ ಹೇಳಿದ "ಹಾಳಾದ ಸಾಮಗ್ರಿ"ಯ ಮಾತು ನನ್ನನ್ನು ಬಹಳ ಕಾಡಿದೆ. ಗಡಿಯಾರದವನ ಹುಡುಗ ತಪ್ಪಿದರೆ ಹಾಳಾಗುವುದು ಒಂದು ಹಲ್ಲುಚಕ್ರ. ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳಬಹುದು. ವೈರಿಂಗಿನ ಹುಡುಗ ತಪ್ಪಿದರೆ ಆ ತಪ್ಪು ಗೋಡೆಯೊಳಗೆ ಕುಳಿತು, ಆರು ತಿಂಗಳ ಬಳಿಕ ಒದ್ದೆ ಕೈಯಿಂದ ಗೀಜರು ಮುಟ್ಟಿದ ಗೃಹಿಣಿಯಿಂದ ಬೆಲೆ ಕೇಳುತ್ತದೆ. ಆದ್ದರಿಂದ ಕಲಿಕೆಗೆ ಎಷ್ಟು ದಿನ ಎಂಬುದಕ್ಕಿಂತ, ಕಲಿಯುವವನ ತಪ್ಪಿಗೆ ಅವನು ಕಲಿಯುವಷ್ಟು ಕಾಲ ಯಾರು ಹೊಣೆ ಎಂಬುದೇ ಮುಖ್ಯ ಪ್ರಶ್ನೆಯೆಂದು ನನಗೆ ತೋರುತ್ತದೆ.

ನಮ್ಮ ಕಾನೂನುಗಳನ್ನು ಈ ಪ್ರಶ್ನೆ ಹಿಡಿದು ಓದಿದರೆ ಅವು ತಾವೇ ಮಾತಾಡುತ್ತವೆ. ಬ್ರಿಟಿಷ್ ಭಾರತದ 1850ರ ಕಾಯಿದೆ ಹತ್ತರಿಂದ ಹದಿನೆಂಟು ವಯಸ್ಸಿನ ಮಕ್ಕಳನ್ನು, ಅದರಲ್ಲೂ ಅನಾಥರನ್ನು, ಏಳು ವರ್ಷದವರೆಗೆ ಯಜಮಾನನಿಗೆ ಕರಾರಿನಿಂದ ಕಟ್ಟಿಹಾಕಲು ಅವಕಾಶ ಕೊಟ್ಟಿತ್ತು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭಿಸಿತು. ಐಟಿಐಗಳು ಬೆಳೆದದ್ದು ಅದರಿಂದ. ಎಲೆಕ್ಟ್ರಿಷಿಯನ್ ಕಸುಬಿಗೆ ಎರಡು ವರ್ಷ. 1961ರ ಅಪ್ರೆಂಟಿಸ್ ಕಾಯಿದೆ ಅದರ ಮೇಲೆ ಇನ್ನೊಂದು ಮಹಡಿ ಕಟ್ಟಿತು. ಐಟಿಐ ಮುಗಿಸಿದವನು ಕಾರ್ಖಾನೆಯಲ್ಲಿ ಶಿಶಿಕ್ಷುವಾಗಿ ಕೆಲಸದ ನಡುವೆ ಕಲಿಯಬೇಕು. ಕರಾರು ನೋಂದಣಿಯಾಗಬೇಕು, ಸ್ಟೈಪೆಂಡ್ ಕೊಡಬೇಕು, ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು. ಏಣಿಯಿಂದ ಬಿದ್ದ ಶಾಗಿರ್ದನಿಗೆ ಉಸ್ತಾದನ ಕರುಣೆಯಷ್ಟೇ ಗತಿಯಾಗಿದ್ದುದನ್ನು ನೆನೆದರೆ ಈ ಕೊನೆಯ ಅಂಶದ ತೂಕ ತಿಳಿಯುತ್ತದೆ. ಹೈದರಾಬಾದಿನ ಬಿಎಚ್‌ಇಎಲ್, ಇಸಿಐಎಲ್‌ಗಳೂ ಅರವತ್ತರ ದಶಕದ ಕೂಸುಗಳೇ. ಎರಡು ವರ್ಷ ಶಾಲೆ, ಬಳಿಕ ಹಿರಿಯನೊಬ್ಬನ ಕಣ್ಣೆದುರಿನಲ್ಲಿ ಕೆಲಸ ಎಂಬ ಆ ಜೋಡಣೆಗಿಂತ ಒಳ್ಳೆಯದನ್ನು ನಾವು ಈವರೆಗೆ ಕಟ್ಟಿಲ್ಲ ಎಂದೇ ನನ್ನ ಎಣಿಕೆ.

ನಮ್ಮ ಜಿಲ್ಲೆಗಳು ಹೈದರಾಬಾದಿನಿಂದ ಬೇರ್ಪಟ್ಟ 1956ರಲ್ಲೇ ಬಂದ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯದನ್ನೂ ನೋಡಬೇಕು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಬದಲಾವಣೆಯಂಥ ಸಣ್ಣ ಕೆಲಸಗಳನ್ನು ಬಿಟ್ಟು ಉಳಿದ ವೈರಿಂಗನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಬೇಕು. ಕೈಹಾಕುವವನಿಗೆ ಪರ್ಮಿಟ್ ಇರಬೇಕು. ಸಾಮರ್ಥ್ಯದ ಪ್ರಮಾಣಪತ್ರ ಪಡೆದವನು ನೇರವಾಗಿ ಮೇಲ್ವಿಚಾರಣೆ ಮಾಡಬೇಕು. ಸರ್ಕಾರಿ ಭಾಷೆಯ ತೊಗಟೆ ಸುಲಿದರೆ ಒಳಗಿರುವುದು ಉಸ್ತಾದನೇ. ಹೆಚ್ಚಿನ ಮನೆಗಳಲ್ಲಿ ಈ ನಿಯಮ ಹೇಗೆ ಪಾಲನೆಯಾಗುತ್ತದೆಂಬುದನ್ನು ಓದುಗರು ತಮ್ಮ ಮನೆಗೆ ಕಳೆದ ಸಲ ಬಂದ ಎಲೆಕ್ಟ್ರಿಷಿಯನ್ನನಿಗೆ ಪರ್ಮಿಟ್ ಕೇಳಿದ್ದೆವೇ ಎಂದು ನೆನಪಿಸಿಕೊಂಡು ತೀರ್ಮಾನಿಸಬಹುದು.

2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. ಅದರ ಎರಡನೆಯ ಹಂತದಲ್ಲಿ ಅಲ್ಪಾವಧಿ ತರಬೇತಿಗೆ ಗೊತ್ತುಪಡಿಸಿದ್ದು 150ರಿಂದ 300 ಗಂಟೆ. ದಿನಕ್ಕೆ ಎಂಟು ಗಂಟೆ ಕಲಿತರೂ ಹೆಚ್ಚೆಂದರೆ ಮೂವತ್ತೆಂಟು ದಿನ. ಈ ಕೋರ್ಸುಗಳನ್ನು ಹಗುರವಾಗಿ ಕಾಣುವುದು ಸುಲಭ, ನ್ಯಾಯವಲ್ಲ. ಮೇನು ಆರಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಆಮೇಲೆ ಕೈಹಾಕು ಎಂಬುದನ್ನು ಅವು ಮೊದಲ ವಾರದಲ್ಲೇ ಹೇಳಿಕೊಡುತ್ತವೆ. ಸೋರುವ ವಿದ್ಯುತ್ತು 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕಡಿದುಹಾಕುವ ಆರ್‌ಸಿಸಿಬಿಯನ್ನು ಅಲ್ಲಿನ ಹುಡುಗ ಬಲ್ಲ. ಅದು "ಸುಮ್ಮನೆ ಬೀಳುತ್ತದೆ" ಎಂದು ತೆಗೆದೆಸೆದು ನೇರ ಜೋಡಿಸುವ ಉಸ್ತಾದ ಬಲ್ಲನೇ ಎಂದು ಕೇಳಬೇಕಾಗುತ್ತದೆ. ಬಾಗಿಲು ಎಲ್ಲರಿಗೂ, ಹುಡುಗಿಯರಿಗೂ, ತೆರೆದಿದೆ. ಜೀವಮಾನವೆಲ್ಲ ಕಾಗದವಿಲ್ಲದೆ ದುಡಿದವರ ಕೈಗೆ ಹಿಂದಿನ ಕಲಿಕೆಯನ್ನು ಗುರುತಿಸಿ ಒಂದು ಪ್ರಮಾಣಪತ್ರ ಕೊಡುವ ಏರ್ಪಾಡೂ ಆ ಯೋಜನೆಯಲ್ಲಿದೆ.

ತೊಡಕಿರುವುದು ಮೂವತ್ತೊಂಬತ್ತನೆಯ ದಿನ. ಪ್ಲೈವುಡ್ ಹಲಗೆಯ ಮೇಲೆ ಅಚ್ಚುಕಟ್ಟಾಗಿ ಕೆಂಪು, ಕಪ್ಪು, ಹಸಿರು ತಂತಿ ಜೋಡಿಸಿ ಉತ್ತೀರ್ಣನಾದ ಹುಡುಗ ಅಂದು ಒಬ್ಬನೇ ಸುಲ್ತಾನ್ ಬಜಾರಿನ ಆ ಮಾಳಿಗೆಮನೆಗೆ ಹೋಗುತ್ತಾನೆ. ಅಲ್ಲಿ ತಂತಿಗಳೆಲ್ಲ ಒಂದೇ ಬಣ್ಣ, ಹೊಗೆಯ ಬಣ್ಣ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಕೋರ್ಸು ನಡೆಸಿದವರ ಹೊಣೆ ಪ್ರಮಾಣಪತ್ರದೊಂದಿಗೆ ಮುಗಿದಿದೆ, ಉಸ್ತಾದನ ಹೊಣೆ ಶುರುವೇ ಆಗಿಲ್ಲ.

ಹಾಗಾಗಿ ಊರಿನವರಿಗೆ ನಾನು ಹೇಳುವುದು ಇಷ್ಟು: ಐಟಿಐ ಸಾಧ್ಯವಿದ್ದರೆ ಐಟಿಐ, ಬಳಿಕ ಶಿಶಿಕ್ಷು ತರಬೇತಿ. ಎರಡು ವರ್ಷ ಕಾಯುವ ಶಕ್ತಿ ಮನೆಗಿಲ್ಲದಿದ್ದರೆ ಕೋರ್ಸು ಮಾಡಿಸಿ, ಆದರೆ ಅದನ್ನು ಮೊದಲ ಮೆಟ್ಟಿಲೆಂದು ತಿಳಿದು, ಪರ್ಮಿಟ್ ಇರುವ ಒಬ್ಬನ ಕೈಕೆಳಗೆ ಎರಡು ವರ್ಷ ಬಿಡಿ. ಈ ಎರಡನೆಯ ಸಲಹೆ ಕೊಡುವುದು ಸುಲಭ, ನಡೆಸುವುದು ಕಷ್ಟ. 2016ರಿಂದ ಶಿಶಿಕ್ಷುವಿನ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಆದರೆ 2019ರ ತಿದ್ದುಪಡಿಯಂತೆ ಕಡ್ಡಾಯವಿರುವುದು ಮೂವತ್ತು ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಇಷ್ಟವಿದ್ದರೆ ನೇಮಿಸಿಕೊಳ್ಳಬಹುದಾದದ್ದೂ ನಾಲ್ವರಾದರೂ ಇರುವಲ್ಲಿ. ಟ್ರೂಪ್ ಬಜಾರಿನ ಮೆಟ್ಟಿಲ ಮೇಲೆ ಕುಳಿತಿರುವ ಉಸ್ತಾದನ ಬಳಿ ಇರುವುದು ಇಬ್ಬರೇ ಹುಡುಗರು. ಅವನ ಲೆಕ್ಕ ಕಾನೂನಿನ ಪುಸ್ತಕದಲ್ಲಿಲ್ಲ, ಆ ಕಾಲು ಭಾಗ ಅವನ ತನಕ ಬರುವುದೂ ಇಲ್ಲ. ಅವನ ಹುಡುಗರ ಬಸ್ಸಿನ ಖರ್ಚು, ಚಹಾ, ಶುಕ್ರವಾರದ ಕೈಖರ್ಚು ಅವನ ಜೇಬಿನಿಂದಲೇ ಹೋಗುತ್ತದೆ.