ಇರಾಕಿನ ಪಡಿತರ ಚೀಟಿ ಮತ್ತು ಬೊಜ್ಜು

ಟೈಗ್ರಿಸ್, ಯೂಫ್ರೆಟಿಸ್ ನದಿಗಳ ಹೆಸರನ್ನು ನಿಮ್ಮಿಂದ ಎಷ್ಟು ಸಲ ಒಪ್ಪಿಸಿಕೊಂಡಿದ್ದೇನೋ! ಆ ನದಿಗಳ ನಾಡಿನ ಈಚಿನ ಚರಿತ್ರೆ ನಮ್ಮ ಪಠ್ಯಪುಸ್ತಕದಲ್ಲಿರಲಿಲ್ಲ. ಯುದ್ಧವೆಂದೊಡನೆ ಎಲುಬುಗೂಡಾದ ಮಕ್ಕಳು ಕಣ್ಣಮುಂದೆ ನಿಲ್ಲುತ್ತಾರೆ. ಆದರೆ ಇರಾಕಿನಲ್ಲಿ ಹಸಿವಿನ ಬೆನ್ನಿಗೇ ಬೊಜ್ಜೂ ಬಂದಿತು.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತನ್ನು ಆಕ್ರಮಿಸಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ದಿಗ್ಬಂಧನ ವಿಧಿಸಿತು. ಹೊರಗಿನ ಧಾನ್ಯವನ್ನೇ ಬಹುಪಾಲು ನೆಚ್ಚಿದ್ದ ಸರ್ಕಾರ ಸೆಪ್ಟೆಂಬರಿನಲ್ಲಿ ಪಡಿತರ ಆರಂಭಿಸಿತು. ನಮ್ಮ ನ್ಯಾಯಬೆಲೆ ಅಂಗಡಿಯಂತೆಯೇ, ಆದರೆ ಬಡವ ಬಲ್ಲಿದನೆನ್ನದೆ ಎಲ್ಲರಿಗೂ. ಮೊದಲ ವರ್ಷಗಳ ಪಡಿ ಅರೆಹೊಟ್ಟೆಗೂ ಸಾಲದು. (ಆ ಕಾಲದ ಶಿಶುಮರಣದ ಕೆಲವು ಅಂಕಿಗಳು ಮುಂದೆ ವಿವಾದಕ್ಕೀಡಾದವು, ಹಸಿವು ಮಾತ್ರ ನಿಜ.) ತೈಲಕ್ಕೆ ಪ್ರತಿಯಾಗಿ ಆಹಾರ ಪಡೆಯುವ ಯೋಜನೆಯಡಿ 1997ರಲ್ಲಿ ಧಾನ್ಯ ಬರತೊಡಗಿದ ಮೇಲೆ ಚೀಲ ತುಂಬಿತು: ತಿಂಗಳಿಗೆ ತಲಾ ಸುಮಾರು 9 ಕಿಲೋ ಗೋಧಿಹಿಟ್ಟು, 3 ಕಿಲೋ ಅಕ್ಕಿ, 2 ಕಿಲೋ ಸಕ್ಕರೆ, ಜೊತೆಗೆ ಎಣ್ಣೆ, ಚಹಾ, ಬೇಳೆಕಾಳು. ತರಕಾರಿ, ಹಣ್ಣು, ಮಾಂಸಗಳನ್ನು ಕೈಯಿಂದಲೇ ಕೊಳ್ಳಬೇಕು, ಕೈಯಲ್ಲಿ ಕಾಸಿಲ್ಲ. ಇಸ್ತಿಕಾನ್ ಎಂಬ ಪುಟ್ಟ ಗಾಜಿನ ಲೋಟದ ತಳದಲ್ಲಿ ಸಕ್ಕರೆ ನಿಲ್ಲುವಷ್ಟು ಸಿಹಿಯಾದ ಚಹಾ ಅಲ್ಲಿಯ ರೂಢಿ. ಆದರೂ ಪಡಿತರವನ್ನು ದೂಷಿಸುವುದು ಅನ್ಯಾಯ. ಅದು ಕೋಟ್ಯಂತರ ಜನರ ಜೀವ ಹಿಡಿದು ನಿಲ್ಲಿಸಿತು.

2015ರ ಸಮೀಕ್ಷೆಯ ವೇಳೆಗೆ ಆ ದೇಶದ ವಯಸ್ಕರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಬೊಜ್ಜು. ಹೆಂಗಸರಲ್ಲಿ ಇನ್ನೂ ಹೆಚ್ಚು. ನೆರೆಯ ಕುವೈತಿನಲ್ಲಿಯೂ ಬೊಜ್ಜಿದೆಯಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇದೆ, ಇನ್ನೂ ಹೆಚ್ಚೇ ಇದೆ. ಆದರೆ ಅಲ್ಲಿ ವೈದ್ಯರೂ ಇದ್ದಾರೆ.

ಇರಾಕಿನಲ್ಲಿ ವೈದ್ಯರು ಇರಲಿಲ್ಲವೆಂದಲ್ಲ. ಬಾಗ್ದಾದಿನ ವೈದ್ಯಕೀಯ ಕಾಲೇಜು 1927ರಷ್ಟು ಹಿಂದಿನದು. ತೈಲದ ಹಣ ಬಂದ ಎಪ್ಪತ್ತರ ದಶಕದಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಿಗೆ ಅರಬ್ ಜಗತ್ತಿನಲ್ಲಿಯೇ ಹೆಸರಿತ್ತು. ದಿಗ್ಬಂಧನದ ಕಾಲದಲ್ಲಿ ಸಂಬಳ ಕಾಸಿಗೂ ಬೆಲೆಯಿಲ್ಲದಂತಾಯಿತು. 2003ರಲ್ಲಿ ಅಮೆರಿಕದ ಸೇನೆ ನುಗ್ಗಿದ ಮೇಲೆ ವೈದ್ಯರ ಅಪಹರಣ, ಕೊಲೆಗಳು ಮೊದಲಾದವು. ಸಾವಿರಾರು ಮಂದಿ ದೇಶ ಬಿಟ್ಟರು. 2006ರಲ್ಲಿ ಸಮಾರಾದ ಪವಿತ್ರ ಮಂದಿರ ಸ್ಫೋಟಗೊಂಡು ಪಂಥೀಯ ಹಿಂಸೆ ಭುಗಿಲೆದ್ದಿತು. ಬಾಗ್ದಾದಿನ ಬಡಾವಣೆಗಳ ನಡುವೆ ಕಾಂಕ್ರೀಟ್ ಗೋಡೆಗಳೆದ್ದವು. ಸಂಜೆಯ ನಡಿಗೆಯಿರಲಿ, ಪಕ್ಕದ ಬಡಾವಣೆಯ ಆಸ್ಪತ್ರೆಗೆ ಹೋಗುವುದೂ ಪ್ರಾಣದ ಪ್ರಶ್ನೆಯಾಯಿತು. 2014ರಿಂದ 2017ರವರೆಗೆ ಐಸಿಸ್ ಹಿಡಿತದಲ್ಲಿದ್ದ ಮೊಸುಲ್ ನಗರದ ದೊಡ್ಡ ಆಸ್ಪತ್ರೆಗಳು ಬಿಡುಗಡೆಯ ಕಾಳಗದಲ್ಲಿ ನೆಲಸಮವಾದವು.

ಗುಂಡೇಟಿಗೆ ಒಂದು ಶಸ್ತ್ರಚಿಕಿತ್ಸೆ ಸಾಕಾದೀತು. ಬೊಜ್ಜಿನ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವರ್ಷಾನುಗಟ್ಟಲೆ ಅದೇ ವೈದ್ಯರು, ಅದೇ ಔಷಧಿ ಬೇಕು. ಇನ್ಸುಲಿನ್ ತಂಪಾಗಿರಬೇಕು, ದಿನದಲ್ಲಿ ಕೆಲವೇ ಗಂಟೆ ವಿದ್ಯುತ್ತಿರುವಲ್ಲಿ, ನೆರಳಿನಲ್ಲೂ 45 ಡಿಗ್ರಿ ದಾಟುವ ಬೇಸಗೆಯಲ್ಲಿ ಅದನ್ನು ಕಾಯುವುದೆಂತು?

ಇರಾಕಿನ ರೋಗಿಗಳು ಚಿಕಿತ್ಸೆಗಾಗಿ ಬೈರೂತ್, ಅಮ್ಮಾನ್ ನಗರಗಳಿಗೂ ನಮ್ಮ ದೆಹಲಿ, ಬೆಂಗಳೂರುಗಳಿಗೂ ಬಂದಿದ್ದಾರೆ. ಆಸ್ತಿ ಮಾರಿ ಬಂದವರೂ ಅವರಲ್ಲುಂಟು. ಹೃದಯದ ಶಸ್ತ್ರಚಿಕಿತ್ಸೆಗೆ ಹಾಗೆ ಬಂದಾರು. ತಿಂಗಳ ರಕ್ತಪರೀಕ್ಷೆಗೆ ಯಾರು ತಾನೆ ವಿಮಾನ ಹತ್ತಿಯಾರು?